ನೂರಕ್ಕೆ ತೊಂಬತ್ತು ಬಂದರಷ್ಟೇ ಪಾಸು

‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬುದು ವಿಜಯಪುರ ಸೀಮೆಯ ಗಾದೆ. ಸಾರವಾಡದ ಬಳಿ ಹರಿಯುವ ಈ ಡೋಣಿಯ ದಂಡೆಯ ಎರೆಭೂಮಿ ಜೋಳಕ್ಕೆ ಹೆಸರಾದದ್ದು. ನದಿಯ ನೀರು ಮಾತ್ರ ಸವಳು. ಮಳೆಗಾಲದಲ್ಲಿ ಹೊಲಗಳಿಗೆ ನುಗ್ಗುವ ಡೋಣಿ ಬೇಸಿಗೆಯಲ್ಲಿ ಸೊರಗಿಹೋಗುತ್ತದೆ.

ಇಂಥ ನದಿಗೆ ಊರೊಂದರ ಗಟಾರದ ನೀರನ್ನು ಶುದ್ಧೀಕರಿಸಿ ಬಿಡುತ್ತಾರೆ ಎಂದುಕೊಳ್ಳೋಣ. ನೀರು ತಿಳಿಯಾಗಿದೆ, ವಾಸನೆಯಿಲ್ಲ. ಆದರೆ ಅದರಲ್ಲಿ ಮೀನು ಬದುಕೀತೆ? ಕಣ್ಣು, ಮೂಗು ಇದಕ್ಕೆ ಉತ್ತರ ಹೇಳಲಾರವು. ಮೀನನ್ನೇ ಕೇಳಬೇಕು!

ಕೇಳುವ ವಿಧಾನ ಸರಳ. ಒಂದು ತೊಟ್ಟಿಯಲ್ಲಿ ಪರೀಕ್ಷಿಸಬೇಕಾದ ನೀರು, ಇನ್ನೊಂದರಲ್ಲಿ ಒಳ್ಳೆಯ ನೀರು. ಎರಡಕ್ಕೂ ಒಂದೇ ಜಾತಿಯ, ಒಂದೇ ಅಳತೆಯ ಮೀನುಗಳನ್ನು ಬಿಟ್ಟು 96 ಗಂಟೆ, ಅಂದರೆ ನಾಲ್ಕು ದಿನ ಕಾಯಬೇಕು. ಬೇರೇನನ್ನೂ ಬೆರೆಸದ ಆ ನೀರಿನಲ್ಲಿ ನೂರಕ್ಕೆ 90 ಮೀನು ಬದುಕಿರಬೇಕು. ನಮ್ಮ ದೇಶದ ಪರಿಸರ ಸಂರಕ್ಷಣಾ ನಿಯಮಗಳಿಗೆ 1993ರಲ್ಲಿ ಸೇರಿದ ಸಾಮಾನ್ಯ ಮಾನದಂಡ ಹೇಳುವುದು ಇದನ್ನೇ. ಇದಕ್ಕೆ ಜೈವಿಕ ಪರೀಕ್ಷೆ ಎಂದು ಹೆಸರು. ಸಾಸಿವೆ ಕಾಳಿನಷ್ಟಿರುವ ಡ್ಯಾಫ್ನಿಯಾ ಎಂಬ ನೀರಚಿಗಟದ ಮೇಲೂ ಪರೀಕ್ಷೆ ನಡೆಸುತ್ತಾರೆ. ಅದಕ್ಕೆ 48 ಗಂಟೆ ಸಾಕು.

ಬೆರಕೆಯಿಲ್ಲದ ನೀರೇ ಏಕೆ? ತುಂಬಿ ಹರಿಯುವ ಹೊಳೆಗೆ ಬಿದ್ದ ನೀರು ಬೆರೆತು ತೆಳುವಾಗುತ್ತದೆ. ಸೊರಗಿದ ಹೊಳೆಯಲ್ಲಿ ಬೆರೆಯಲು ನೀರೆಲ್ಲಿದೆ? ಬಿಟ್ಟದ್ದೇ ಹೊಳೆಯಾಗುತ್ತದೆ.

ರಾಸಾಯನಿಕ ಪರೀಕ್ಷೆ ಸಾಲದೆ ಎಂದು ಕೇಳಬಹುದು. ಅದು ಹುಡುಕಿದ್ದನ್ನು ಮಾತ್ರ ತೋರಿಸುತ್ತದೆ. ಹುಡುಕದೆ ಬಿಟ್ಟ ಕೀಟನಾಶಕವನ್ನೋ, ನಾಲ್ಕಾರು ವಸ್ತುಗಳು ಕೂಡಿ ಮಾಡುವ ಕೇಡನ್ನೋ ಅದು ಹೇಳದು. ರೋಗಾಣು ಕೊಲ್ಲಲು ಹಾಕಿದ ಕ್ಲೋರಿನ್ ಉಳಿದರೂ ಮೀನಿಗೆ ವಿಷ. ಮನೆಯಲ್ಲಿ ಮೀನು ಸಾಕುವವರು ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ತೊಟ್ಟಿಗೆ ಹಾಕುವುದು ಇದಕ್ಕಾಗಿಯೇ.

ಡೋಣಿಯಂಥ ಸವಳು ನದಿಯಲ್ಲಿ ಇನ್ನೊಂದು ಎಚ್ಚರ ಬೇಕು. ಜೀವಿ ಸತ್ತರೆ ಕೊಂದದ್ದು ಉಪ್ಪೋ, ಬಿಟ್ಟ ನೀರೋ? ಅದಕ್ಕಾಗಿ ಮೂರನೆಯ ತೊಟ್ಟಿಯಲ್ಲಿ, ಗಟಾರ ಸೇರುವ ಜಾಗಕ್ಕಿಂತ ಮೇಲಿನ ನದಿ ನೀರನ್ನೇ ಇಟ್ಟು ಹೋಲಿಸಬೇಕು.

ಇದು ಬರೀ ಪುಸ್ತಕದ ಮಾತಲ್ಲ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಬರಪೀಡಿತ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟ್ ಕೆಲಕಾಲ ನೀರು ತಡೆಯಿತು. ನೀರು ಬೇಕು, ಆದರೆ ಎಂಥ ನೀರು ಎಂಬ ಪ್ರಶ್ನೆ ಅಂದು ರೈತರ ಮನೆ ಬಾಗಿಲಿಗೇ ಬಂದಿತ್ತು.

ಗಟಾರದ ನೀರಿನ ಶುದ್ಧೀಕರಣ ಘಟಕಗಳಿಗೆಂದೇ 2017ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾನದಂಡ ನಾಲ್ಕನ್ನು ಹೆಸರಿಸಿತು: ಆಮ್ಲ-ಕ್ಷಾರ ಗುಣ, ಕೊಳೆ ಕರಗಲು ಬೇಕಾಗುವ ಆಮ್ಲಜನಕ, ತೇಲುವ ಕಣ, ಮಲದ ಬ್ಯಾಕ್ಟೀರಿಯ. ಆ ಪಟ್ಟಿಯಲ್ಲಿ ಮೀನು ಇರಲಿಲ್ಲ.

ನಾಲ್ಕು ವಿಷಯಗಳಲ್ಲಿ ಪಾಸಾದ ನೀರು ಐದನೆಯ ಪರೀಕ್ಷೆಗೂ ಕೂರಲಿ. ಅಲ್ಲಿ ಅಂಕ ಹಾಕುವ ಮಾಸ್ತರು ಮೀನು. ಅದಕ್ಕೆ ವಶೀಲಿ ನಡೆಯುವುದಿಲ್ಲ.