ಕತ್ತರಿ ನಮ್ಮ ಕೈಲೇ ಇರ್ಲಿ

ವಿಡಿಯೋ ಎಡಿಟಿಂಗ್‌ಗೆ ಯಾವ ಆ್ಯಪ್ ಹಾಕ್ಕೊಳ್ಳೋದು ಅಂತ ಈಗೀಗ ನಮ್ಮ ಮೇಲೂರಲ್ಲಿ ಹೆಂಗಸರೇ ಕೇಳ್ತಾವ್ರೆ. ಕೇಳ್ಬೇಕಾದ್ದೇ ಬಿಡಿ. ಸೀಮಂತ, ನಾಮಕರಣ, ಗೃಹಪ್ರವೇಶ ಏನಾದ್ರೂ ಎಲ್ಲರ ಕೈಲೂ ಫೋನು, ಫೋನ್ ತುಂಬಾ ವಿಡಿಯೋ. ಅದನ್ನ ನಾಲ್ಕು ಜನ ನೋಡೋ ಹಂಗೆ ಮಾಡ್ಬೇಕು ಅಂದ್ರೆ ಮಾತ್ರ ಮಗ ಬೆಂಗಳೂರಿಂದ ಬರ್ಬೇಕು, ಇಲ್ಲಾಂದ್ರೆ ಪಕ್ಕದ ಮನೆ ಹುಡುಗನ್ನ ಕರೀಬೇಕು. ನನ್ನ ಅಭಿಪ್ರಾಯ ಇಷ್ಟೇ ಕಣ್ರಮ್ಮ. ಯಾರನ್ನೂ ಕರೀದೆ ನಾವೇ ಕೂತು ಪೂರ್ತಿ ಮುಗಿಸೋಕಾಗೋ ಆ್ಯಪೇ ನಮಗೆ ಒಳ್ಳೇದು. ಅದರಲ್ಲಿ ನೂರೆಂಟು ಸೌಕರ್ಯ ಇಲ್ದೇ ಹೋದ್ರೂ ಪರವಾಗಿಲ್ಲ.

ಗಡಿ ಊರಿನವರು ನಾವು, ತೆಲುಗು ವಿಡಿಯೋ ನೋಡ್ದೋರು ಯಾರಿದ್ದೀವಿ? ಆಂಧ್ರದ ಮಸ್ತಾನಮ್ಮ ಅಂತ ನೂರು ದಾಟಿದ ಅಜ್ಜಿ, ಹೊಲದಲ್ಲಿ ಒಲೆ ಹೂಡಿ ಅಡಿಗೆ ಮಾಡ್ತಿದ್ರು. 2018ರಲ್ಲಿ ತೀರ್ಕೊಂಡ್ರು. ತೆಲಂಗಾಣದ ಗಂಗವ್ವ ಹೊಲದ ಕೆಲಸ ಮಾಡ್ಕೊಂಡಿದ್ದೋರು, ಯೂಟ್ಯೂಬಿಂದ ಹೆಸರಾಗಿ 2020ರಲ್ಲಿ ತೆಲುಗು ಬಿಗ್ ಬಾಸ್‌ಗೂ ಹೋದ್ರು. ಇಬ್ಬರ ವಿಡಿಯೋನೂ ಮಾಡಿದ್ದು ಮನೆ ಕಡೆ ಹುಡುಗರು. ಚೆನ್ನಾಗೇ ಮಾಡಿದ್ರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಂಥಾ ತಾಳ್ಮೆ ಇರೋ ಹುಡುಗರು ಎಲ್ಲರ ಮನೇಲೂ ಹುಟ್ಟಲ್ಲ.

ನಮ್ಮಲ್ಲಿ ಆಗೋದು ಬೇರೆ. ಮದುವೆ ಮನೇಲಿ ದೊಡ್ಡೋರು ಇಬ್ಬರು ಕೂತು ಐದು ನಿಮಿಷ ಸೋಬಾನೆ ಹೇಳಿರ್ತಾರೆ. ಎಡಿಟ್ ಆಗಿ ಬಂದಾಗ ಅದು ಅರ್ಧ ನಿಮಿಷ ಇರುತ್ತೆ, ಅದರ ಮೇಲೆ ಸಿನಿಮಾ ಹಾಡು ಬೇರೆ. ಹುಡುಗರದ್ದು ತಪ್ಪು ಅಂತಲ್ಲ, ಅವರಿಗೆ ಆ ಹಾಡಿನ ಬೆಲೆ ಗೊತ್ತಿಲ್ಲ. ಯಾವುದು ಇಟ್ಕೋಬೇಕು, ಯಾವುದು ಬಿಸಾಕ್ಬೇಕು ಅನ್ನೋದೇ ಎಡಿಟಿಂಗು. ಹಣ್ಣಾದ ಹುಳ ಯಾವುದು ಅಂತ ನೋಡ್ತಿದ್ದಂಗೇ ಆರಿಸಿ ಚಂದ್ರಂಕಿಗೆ ಬಿಡೋ ಕೈ ನಮ್ಮದು. ಆರಿಸೋದನ್ನ ನಮಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಗೊತ್ತಿಲ್ದೇ ಇರೋದು ಫೋನಲ್ಲಿ ಎಲ್ಲಿ ಒತ್ತಬೇಕು ಅನ್ನೋದಷ್ಟೇ.

ನಮಗೆ ಬೇಕಾಗಿರೋ ಕೆಲಸ ನಾಲ್ಕೇ. ಹಿಂದೆಮುಂದೆ ಕತ್ತರಿಸೋದು, ಎರಡು ತುಂಡು ಸೇರಿಸೋದು, ಕನ್ನಡದಲ್ಲಿ ಹೆಸರು ಬರೆಯೋದು, ನಮ್ಮ ದನಿ ಹಾಕೋದು. ಮೊದಲನೇದಕ್ಕೆ ಹೊಸ ಆ್ಯಪೇ ಬೇಡ. ಫೋನಿನ ಗ್ಯಾಲರೀಲೋ ಗೂಗಲ್ ಫೋಟೋಸಲ್ಲೋ ವಿಡಿಯೋ ತೆಗೆದು ಎಡಿಟ್ ಒತ್ತಿ, ಎರಡು ತುದಿ ಎಳೆದು, ಕಾಪಿಯಾಗಿ ಸೇವ್ ಮಾಡಿದ್ರೆ ಮುಗೀತು. ಮೂಲ ವಿಡಿಯೋ ಹಂಗೇ ಇರುತ್ತೆ. ಒಂದು ತಿಂಗಳು ಇಷ್ಟೇ ಮಾಡಿ, ಕೈ ಪಳಗುತ್ತೆ.

ಆಮೇಲೆ ಮಿಕ್ಕಿದ್ದಕ್ಕೆ ಆ್ಯಪ್ ನೋಡಿ. ಗೂಗಲ್‌ನವರ ಯೂಟ್ಯೂಬ್ ಕ್ರಿಯೇಟ್ 2023ರಲ್ಲಿ ಮೊದಮೊದಲು ಬಿಟ್ಟ ದೇಶಗಳಲ್ಲಿ ನಮ್ಮದೂ ಒಂದು. ದುಡ್ಡಿಲ್ಲ, ವಿಡಿಯೋ ಮೇಲೆ ಅವರ ಹೆಸರಿನ ಮುದ್ರೆಯೂ ಬೀಳಲ್ಲ. ವಿಎನ್ ಅನ್ನೋದರಲ್ಲೂ ಮುದ್ರೆ ಇಲ್ಲ. ಇನ್‌ಶಾಟಲ್ಲಿ ಮುದ್ರೆ ಬರುತ್ತೆ, ಒಂದು ಜಾಹೀರಾತು ನೋಡಿದ್ರೆ ತೆಗೀಬಹುದು. ಕೈನ್‌ಮಾಸ್ಟರ್ ದೊಡ್ಡ ಕೆಲಸಕ್ಕೆ ಒಳ್ಳೇದೇ, ಆದ್ರೆ ಒಂದರ ಕೆಳಗೊಂದು ಪಟ್ಟಿ ಜಾಸ್ತಿ. ದುಡ್ಡು ಕೊಡ್ದೇ ಇದ್ರೆ ಮುದ್ರೆಯೂ ಇರುತ್ತೆ. ಹೊಸಬರಿಗೆ ಬೇಡ ಅಂತೀನಿ. ಮನೇಲಿ ಕಂಪ್ಯೂಟರ್ ಇರೋರು ಹಳೇ ಮೂವಿ ಮೇಕರ್ ಹುಡುಕ್ಬೇಡಿ, ಅದನ್ನ ಮೈಕ್ರೋಸಾಫ್ಟ್‌ನವರು 2017ರಲ್ಲೇ ನಿಲ್ಲಿಸಿದ್ರು. ವಿಂಡೋಸ್ 11 ಇದ್ರೆ ಕ್ಲಿಪ್‌ಚಾಂಪ್ ಅಂತ ಅದರೊಳಗೇ ಸಿಗುತ್ತೆ.

ಹೆಸರು ಕೇಳಿ ಆರಿಸ್ಬೇಡಿ, ಪರೀಕ್ಷೆ ಮಾಡಿ ಆರಿಸಿ. ಮಧ್ಯಾಹ್ನ ಊಟ ಆದ್ಮೇಲೆ ಒಂದು ಗಂಟೆ ಕೂತ್ಕೊಳಿ. ಎರಡು ತುಂಡು ಸೇರಿಸಿ, "ಅಜ್ಜಿಯ ಹಿದಕಿದಬೇಳೆ ಸಾರು" ಅಂತ ಬರೆದು, ಗ್ಯಾಲರಿಗೆ ಉಳಿಸಿ. ಯಾರ್ನೂ ಕೇಳ್ದೆ ಮುಗಿದ್ರೆ ಆ ಆ್ಯಪ್ ನಿಮ್ಮದು. ಮುಗೀಲಿಲ್ವಾ, ತೆಗೆದು ಇನ್ನೊಂದು ನೋಡಿ. ಒತ್ತಕ್ಷರ ಒಡೆದೊಡೆದು ಕಂಡ್ರೂ ಬೇರೆ ನೋಡಿ. "ಅಜ್ಜಿ" ಅನ್ನೋದನ್ನೇ ನೆಟ್ಟಗೆ ಬರೆಯಕ್ಕೆ ಬರ್ದಿದ್ರೆ ನಮಗೆ ಅದರಿಂದ ಏನು ಉಪಯೋಗ?

ದುಡ್ಡು ಕೊಟ್ರೆ ಒಳ್ಳೇದು ಸಿಗುತ್ತೆ ಅನ್ನೋರೂ ಇದ್ದಾರೆ. ಕೊಡೋ ಶಕ್ತಿ ಇದ್ರೆ ಕೊಡಿ. ಆದ್ರೆ "ಏಳು ದಿನ ಉಚಿತ" ಅಂತ ಒತ್ತಿ ಆಟೋಪೇಗೆ ಒಪ್ಪಿದ್ರೆ, ಎಂಟನೇ ದಿನ ನಮ್ಮನ್ನ ಕೇಳ್ದೇನೇ ದುಡ್ಡು ಹೋಗುತ್ತೆ. ಇನ್ನು ವಾಟ್ಸಾಪಲ್ಲಿ "ಪ್ರೋ ಆ್ಯಪ್ ಪುಕ್ಸಟ್ಟೆ" ಅಂತ ಬರೋ ಎಪಿಕೆ ಫೈಲನ್ನಂತೂ ಮುಟ್ಟಲೇಬೇಡಿ. ಅದೇ ಫೋನಲ್ಲಿ ಬ್ಯಾಂಕಿನ ಓಟಿಪಿ ಬರುತ್ತೆ, ಸಂಘದ ಕಂತಿನ ದುಡ್ಡಿರುತ್ತೆ. ಪ್ಲೇ ಸ್ಟೋರಿಂದ ಮಾತ್ರ ಹಾಕ್ಕೊಳಿ.

ಆ್ಯಪ್ ಯಾವುದೂ ಶಾಶ್ವತ ಅಲ್ಲ ಅನ್ನೋದೂ ನೆನಪಿರ್ಲಿ. 2020ರ ಜೂನಲ್ಲಿ ಸರ್ಕಾರದವರು ಟಿಕ್‌ಟಾಕ್ ಸೇರಿ 59 ಆ್ಯಪ್ ನಿಲ್ಲಿಸಿದಾಗ, ಎಡಿಟಿಂಗ್‌ನ ವಿವಾವಿಡಿಯೋನೂ ಅದರಲ್ಲಿ ಹೋಯ್ತು. ಆ್ಯಪ್ ತೆಗೆದುಹಾಕಿದ್ರೆ ಒಳಗಿದ್ದ ಅರ್ಧಂಬರ್ಧ ಕೆಲಸನೂ ಹೋಗುತ್ತೆ. ಅದಕ್ಕೇ ಮುಗಿದಿದ್ದನ್ನ ಅವತ್ತೇ ಗ್ಯಾಲರಿಗೆ ಇಳಿಸ್ಕೊಳಿ, ಮೂಲಾನ ಅಳಿಸ್ಬೇಡಿ. ವಾಟ್ಸಾಪಲ್ಲಿ ಕಳ್ಸೋವಾಗ ಡಾಕ್ಯುಮೆಂಟ್ ಅಂತ ಆರಿಸಿ ಕಳ್ಸಿ, ಚಿತ್ರ ಮಸುಕಾಗಲ್ಲ.

"ಈ ವಯಸ್ಸಲ್ಲಿ ನಿಂಗ್ಯಾಕಮ್ಮ, ನಾನು ಮಾಡ್ಕೊಡ್ತೀನಿ ಬಿಡು" ಅಂತ ಮಕ್ಕಳು ಪ್ರೀತಿಯಿಂದಲೇ ಅಂತಾರೆ. ಅವರ ಕೆಲಸ ಅವರಿಗೆ, ಆ "ಮಾಡ್ಕೊಡ್ತೀನಿ" ಯುಗಾದಿಯಿಂದ ದೀಪಾವಳಿಗೆ ಹೋಗುತ್ತೆ. ಅಷ್ಟರಲ್ಲಿ ಫೋನ್ ತುಂಬಿ, ಜಾಗ ಇಲ್ಲ ಅಂತ ಯಾವುದನ್ನೋ ಅಳಿಸಿರ್ತೀವಿ. ಸೋಬಾನೆ ಹೇಳೋ ದೊಡ್ಡಮ್ಮಂದಿರು ಊರಲ್ಲಿ ಬೆರಳೆಣಿಕೆ ಉಳಿದಿದ್ದಾರೆ, ನಮ್ಮ ಬಿಡುವಿಗೆ ಅವರು ಕಾಯಲ್ಲ. ಮೊದಲನೇ ವಿಡಿಯೋ ಅವರದ್ದೇ ಆಗ್ಲಿ. ಪೂರ್ತಿ ಐದು ನಿಮಿಷ ಇರ್ಲಿ, ಮೇಲೆ ಯಾವ ಸಿನಿಮಾ ಹಾಡೂ ಬೇಡ.