ಹುಳು ತೆಗೆಯುವುದು, ಕಡತ ಪಡೆಯುವುದು

ಕಂಪ್ಯೂಟರಿನಿಂದ ಸುಲಿಗೆ ತಂತ್ರಾಂಶವನ್ನು, ಅಂದರೆ ಕಡತಗಳಿಗೆ ಬೀಗ ಜಡಿದು ಕೀಲಿಗಾಗಿ ಹಣ ಕೇಳುವ ರ‍್ಯಾನ್ಸಮ್‌ವೇರನ್ನು ತೆಗೆದುಹಾಕುವುದೂ ಬೀಗ ಬಿದ್ದ ಕಡತಗಳನ್ನು ಮರಳಿ ಪಡೆಯುವುದೂ ಒಂದೇ ಕೆಲಸದ ಎರಡು ಹಂತಗಳೆಂಬ ನಂಬಿಕೆ ವ್ಯಾಪಕವಾಗಿದೆ. ಆಡುಮಾತಿನಲ್ಲಿ ಎರಡಕ್ಕೂ ‘ವೈರಸ್ ತೆಗೆಸುವುದು’ ಎಂಬ ಒಂದೇ ಮಾತು ಬಳಕೆಯಲ್ಲಿರುವುದು ಈ ನಂಬಿಕೆಗೆ ಒಂದು ಕಾರಣವಿರಬಹುದು. ವಾಸ್ತವದಲ್ಲಿ ಇವು ಸ್ವಭಾವದಲ್ಲೇ ಬೇರೆಯಾದ ಕೆಲಸಗಳು. ಅಷ್ಟೇ ಅಲ್ಲ, ಮೊದಲನೆಯದನ್ನು ಆತುರದಲ್ಲಿ ಮುಗಿಸಿದರೆ ಎರಡನೆಯದಕ್ಕೆ ಉಳಿದಿದ್ದ ಸಣ್ಣ ದಾರಿಯೂ ಮುಚ್ಚಿಹೋಗುತ್ತದೆ.

ಈ ವ್ಯತ್ಯಾಸವನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕ, ತೋಟದವರ ಮಾತಿನ ಬೋರರ್, ತೊಗಟೆಯ ಸೀಳಿನಲ್ಲಿಟ್ಟ ಮೊಟ್ಟೆಯಿಂದ ಹೊರಬಂದು ಕಾಂಡದೊಳಗೆ ತಿಂಗಳುಗಟ್ಟಲೆ ಸುರಂಗ ಕೊರೆಯುತ್ತದೆ. ಎಲೆ ಹಳದಿಯಾಗಿ ಗಿಡ ಸೊರಗುವ ಹೊತ್ತಿಗೆ ಒಳಗಿನ ಹಾನಿ ಬಹುಪಾಲು ಮುಗಿದಿರುತ್ತದೆ. ಇದರ ದುಂಬಿಗಳು ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅವಧಿಗಳಿಗೆ ಮೊದಲೇ ತೋಟ ಸುತ್ತಿ, ಕಾಂಡದ ಮೇಲೆ ಉಬ್ಬಿದ ಗೆರೆ ಕಂಡ ಗಿಡಗಳನ್ನು ಗುರುತಿಸಿ, ಕಿತ್ತು ಸುಡುವುದು ರೂಢಿ. ಆದರೆ ಸುಟ್ಟರೆ ಉಳಿಯುವುದು ಪಕ್ಕದ ಗಿಡ, ಹುಳು ತಿಂದ ಗಿಡವಲ್ಲ. ಆ ಜಾಗದಲ್ಲಿ ಮತ್ತೆ ಫಸಲು ಕಾಣಬೇಕಾದರೆ ಬೇರೆಡೆ ಬೆಳೆಸಿಟ್ಟ ಸಸಿ ಬೇಕು. ಸುಲಿಗೆ ತಂತ್ರಾಂಶದ ಲೆಕ್ಕವೂ ಇದೇ: ಅದನ್ನು ತೆಗೆಯುವುದರಿಂದ ಇನ್ನಷ್ಟು ಕಡತಗಳಿಗೆ ಬೀಗ ಬೀಳುವುದು ತಪ್ಪುತ್ತದೆ, ಬಿದ್ದ ಬೀಗ ತೆರೆಯುವುದಿಲ್ಲ.

ಏಕೆ ತೆರೆಯುವುದಿಲ್ಲ ಎಂಬುದನ್ನು ತಿಳಿಯಲು ಎನ್‌ಕ್ರಿಪ್ಶನ್, ಅಂದರೆ ಗೂಢಲಿಪೀಕರಣ, ಎಂದರೇನೆಂದು ಸ್ವಲ್ಪ ನಿಂತು ನೋಡಬೇಕು. ನುಡಿ ತಂತ್ರಾಂಶದಲ್ಲಿ ಹಳೆಯ ವಿಧಾನದಲ್ಲಿ ಟೈಪಿಸಿದ ಕನ್ನಡ ಪತ್ರವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತ ಗೊಂದಲ ಕಾಣುವುದು ಕರ್ನಾಟಕದ ಕಚೇರಿಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತಿರುವ ಸಂಗತಿ. ಅಲ್ಲಿ ಪತ್ರ ಕೆಟ್ಟಿಲ್ಲ. ಯಾವ ಸಂಕೇತ ಯಾವ ಅಕ್ಷರಕ್ಕೆ ಎಂಬ ಪಟ್ಟಿ ಎಲ್ಲರಿಗೂ ಲಭ್ಯವಿರುವುದರಿಂದ ಅಕ್ಷರಶೈಲಿ ಹಾಕಿದ ಕೂಡಲೇ, ಇಲ್ಲವೇ ಪರಿವರ್ತಕ ಬಳಸಿದ ಕೂಡಲೇ ಕನ್ನಡ ಮೂಡುತ್ತದೆ. ಗೂಢಲಿಪಿಗೊಳಗಾದ ಕಡತವೂ ಕಣ್ಣಿಗೆ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ, ಆದರೆ ಅದರ ಪಟ್ಟಿ ಒಂದು ದೀರ್ಘ ಸಂಖ್ಯೆಯನ್ನು, ಅಂದರೆ ಕೀಲಿಯನ್ನು, ಅವಲಂಬಿಸಿದೆ. ಕೀಲಿಯಿಲ್ಲದೆ ಊಹಿಸುತ್ತ ಹೋದರೆ ಜಗತ್ತಿನ ಎಲ್ಲ ಕಂಪ್ಯೂಟರುಗಳಿಗೂ ಕಾಲ ಸಾಲದು.

1989ರಲ್ಲಿ ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ ಏಡ್ಸ್ ಕುರಿತ ಮಾಹಿತಿಯೆಂದು ಹೇಳಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಹಂಚಿ, ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸುವಂತೆ ಕೇಳಿದ್ದು ಈ ಬಗೆಯ ಸುಲಿಗೆಯ ಮೊದಲ ಪ್ರಸಂಗ. ಆದರೆ ಪಾಪ್‌ನ ಬೀಗ ದುರ್ಬಲವಾಗಿತ್ತು: ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ಕೀಲಿ ಬಳಕೆಯಾಗಿದ್ದರಿಂದ ತಂತ್ರಾಂಶವನ್ನು ಬಿಡಿಸಿ ನೋಡಿದವರಿಗೆ ಅದು ಸಿಕ್ಕಿತು. 1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಂಬ ಸಂಶೋಧಕರು ಜೋಡಿಕೀಲಿಯ ವಿಧಾನ ಇಂಥ ದುಷ್ಟರ ಕೈಗೆ ಸಿಕ್ಕರೆ ಏನಾದೀತೆಂದು ತೋರಿಸಿದರು. ಅದರಲ್ಲಿ ಬೀಗ ಹಾಕುವ ಕೀಲಿ ಬೇರೆ, ತೆಗೆಯುವ ಕೀಲಿ ಬೇರೆ. ಬಲಿಪಶುವಿನ ಕಂಪ್ಯೂಟರಿಗೆ ಬರುವುದು ಮೊದಲನೆಯದು ಮಾತ್ರ. ಇಂದಿನ ಸುಲಿಗೆ ಬಹುಪಾಲು ಈ ತತ್ವದ ಮೇಲೆ ನಿಂತಿದೆ. ಆದ್ದರಿಂದ ಆಂಟಿವೈರಸ್ ಎಷ್ಟೇ ಸಮರ್ಥವಾಗಿದ್ದರೂ ತನ್ನ ಮುಂದಿನ ಯಂತ್ರದಲ್ಲಿ ಇಲ್ಲದ ಕೀಲಿಯನ್ನು ಅದು ಹುಡುಕಿ ಕೊಡಲಾರದು.

ಇಷ್ಟು ಒಪ್ಪಿದ ಮೇಲೆ, ಹಾಗಾದರೆ ಬೇಗ ಫಾರ್ಮ್ಯಾಟ್ ಮಾಡಿಸಿ ಹೊಸದಾಗಿ ವಿಂಡೋಸ್ ಹಾಕಿಸುವುದೇ ಜಾಣತನವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಪೇಟೆಯ ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರವೂ ಅದೇ, ಮತ್ತು ಯಂತ್ರ ಅದರಿಂದ ನಿಜಕ್ಕೂ ಶುದ್ಧವಾಗುತ್ತದೆ. ಅದರ ನಷ್ಟ ಏನೆಂಬುದು ಸ್ಟಾಪ್ ಅಥವಾ ಡಿಜೆವು ಎಂಬ ಹೆಸರಿನ ತಂತ್ರಾಂಶದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ಕಂಪನಿಗಳನ್ನು ಬಿಟ್ಟು ಮನೆ, ಅಂಗಡಿ, ಸಣ್ಣ ಕಚೇರಿಗಳ ಮೇಲೆ ಬೀಳುವ ಇದು ಮುಖ್ಯವಾಗಿ ಪರವಾನಗಿಯಿಲ್ಲದ ‘ಕ್ರ್ಯಾಕ್’ ತಂತ್ರಾಂಶಗಳ ಬೆನ್ನೇರಿ ಬರುತ್ತದೆ. 980 ಡಾಲರ್ ಕೇಳಿ, 72 ಗಂಟೆಯೊಳಗೆ ಕೊಟ್ಟರೆ ಅರ್ಧಕ್ಕೆ, 490ಕ್ಕೆ, ಬಿಡುವುದಾಗಿ ಸಂತೆಯ ವ್ಯಾಪಾರಿಯಂತೆ ಚೌಕಾಸಿಯನ್ನೂ ತಾನೇ ಮಾಡುತ್ತದೆ. ಇದು ಕೆಲಸ ಆರಂಭಿಸುವ ಮೊದಲು ತನ್ನ ಒಡೆಯನ ಸರ್ವರನ್ನು ಸಂಪರ್ಕಿಸಿ ಆ ಕಂಪ್ಯೂಟರಿಗೆಂದೇ ಒಂದು ಕೀಲಿ ತರಿಸಿಕೊಳ್ಳಲು ನೋಡುತ್ತದೆ. ಸಂಪರ್ಕ ಸಿಗದಿದ್ದರೆ ತನ್ನೊಳಗೇ ಇಟ್ಟುಕೊಂಡ ಸಾಮಾನ್ಯ ಕೀಲಿಯನ್ನು ಬಳಸುತ್ತದೆ. ಆ ತಳಿಯ ಹಾವಳಿಗೆ ಸಿಕ್ಕು ಸಂಪರ್ಕವಿಲ್ಲದೆ ಬೀಗ ಬಿದ್ದವರೆಲ್ಲರಿಗೂ ಸಾಮಾನ್ಯ ಕೀಲಿ ಒಂದೇ ಆದ್ದರಿಂದ, ಎಲ್ಲೋ ಒಬ್ಬರಿಗೆ ಸಿಕ್ಕಿದ್ದು ಉಳಿದವರಿಗೂ ಒದಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಸಂಸ್ಥೆ ಬಿಡುಗಡೆ ಮಾಡಿದ ಉಚಿತ ಬೀಗಮುರುಕ ತಂತ್ರಾಂಶ ಹೊಸ ತಳಿಗಳ ಮಟ್ಟಿಗೆ ನಿಂತಿರುವುದು ಇದರ ಮೇಲೆಯೇ. ಮಳೆಗಾಲದಲ್ಲಿ ಮೂರು ದಿನ ಕರೆಂಟು, ನಾಲ್ಕು ದಿನ ನೆಟ್‌ವರ್ಕ್ ಇಲ್ಲದ ಕಳಸದಂಥ ಕಡೆ ಪೆನ್‌ಡ್ರೈವಿನಿಂದ ಬಂದ ಇಂಥ ತಂತ್ರಾಂಶ ಸರ್ವರ್ ಸಿಗದೆ ಸಾಮಾನ್ಯ ಕೀಲಿಗೆ ಇಳಿಯುವ ಸಾಧ್ಯತೆ ಉಂಟು. ಜನ ಶಪಿಸುವ ನೆಟ್‌ವರ್ಕ್ ಬೇರೆಲ್ಲೂ ಇಷ್ಟು ಉಪಕಾರ ಮಾಡಲಾರದು.

ಯಾವ ಕೀಲಿ ಬಿದ್ದಿದೆಯೆಂದು ತಿಳಿಯುವುದು ಕಡತಗಳ ಜತೆ ಬಿಟ್ಟುಹೋದ ಬೆದರಿಕೆಯ ಚೀಟಿಯಲ್ಲಿರುವ ಗುರುತುಸಂಖ್ಯೆಯಿಂದ. ಅದರ ಕೊನೆಯಲ್ಲಿ ‘ಟಿ1’ ಎಂಬ ಎರಡಕ್ಷರಗಳಿದ್ದರೆ ಸಾಮಾನ್ಯವಾಗಿ ಆಸೆಯಿದೆ, ಇಲ್ಲದಿದ್ದರೆ ಬಹುಮಟ್ಟಿಗೆ ಇಲ್ಲ. ಈ ಚೀಟಿಯೇ ಫಾರ್ಮ್ಯಾಟ್‌ನಲ್ಲಿ ಮೊದಲು ಅಳಿಸಿಹೋಗುತ್ತದೆ. ಇನ್ನೊಂದು ವಿವರ: ಡಿಜೆವು ಪ್ರತಿ ಕಡತದ ಮೊದಲ ಸುಮಾರು 150 ಕಿಲೋಬೈಟುಗಳಿಗೆ ಮಾತ್ರ ಬೀಗ ಹಾಕುತ್ತದೆ. ಹೀಗಾಗಿ ಮದುವೆಯ ದೊಡ್ಡ ವೀಡಿಯೊವಿನ ಬಹುಭಾಗವನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಬಹುದು, 40 ಕಿಲೋಬೈಟಿನ ಕೂಲಿ ಪಟ್ಟಿಯನ್ನು ಉಳಿಸಲಾಗದು. ಕೆಲವು ತಂತ್ರಾಂಶಗಳು ಕಡತದ ಬೀಗ ಹಾಕಿದ ನಕಲು ಬರೆದು ಮೂಲವನ್ನು ಅಳಿಸುತ್ತವೆ. ಹಳೆಯ ಬಗೆಯ ಹಾರ್ಡ್‌ಡಿಸ್ಕಿನಲ್ಲಿ ಅಳಿಸಿದ್ದರ ಮೇಲೆ ಬೇರೇನಾದರೂ ಬರೆಯುವವರೆಗೆ ಅದರ ಚೂರುಗಳು ಸಿಗಬಹುದು, ಹೊಸದಾಗಿ ವಿಂಡೋಸ್ ಹಾಕಿದರೆ ಬರೆದದ್ದು ಅದರ ಮೇಲೆಯೇ ಬೀಳುತ್ತದೆ. ಈಚಿನ ಎಸ್‌ಎಸ್‌ಡಿಗಳಲ್ಲಿ ಈ ಆಸೆಯೂ ಕಡಿಮೆ, ಏಕೆಂದರೆ ಅವು ಅಳಿಸಿದ ಜಾಗವನ್ನು ತಾವಾಗಿ ತೆರವು ಮಾಡಿಕೊಳ್ಳುತ್ತವೆ.

ಯಂತ್ರವನ್ನು ಆರಿಸಬೇಕೇ ಬೇಡವೇ ಎಂಬುದರಲ್ಲಿಯೂ ಒಂದು ನಿಜವಾದ ಇಕ್ಕಟ್ಟಿದೆ. 2017ರ ಮೇ 12ರಂದು ಹಬ್ಬಿ ಸುಮಾರು 150 ದೇಶಗಳನ್ನು ಮುಟ್ಟಿದ ವನ್ನಾಕ್ರೈಯಲ್ಲಿ ಕೀಲಿ ತಯಾರಿಸಲು ಬಳಸಿದ ಅವಿಭಾಜ್ಯ ಸಂಖ್ಯೆಗಳು ಕೆಲವು ವಿಂಡೋಸ್ ಆವೃತ್ತಿಗಳ ತಾತ್ಕಾಲಿಕ ಸ್ಮೃತಿಯಲ್ಲಿ ಉಳಿದುಬಿಡುತ್ತಿದ್ದವು. ಫ್ರಾನ್ಸಿನ ಆಡ್ರಿಯಾನ್ ಗಿನೆ ಅವನ್ನು ಹೆಕ್ಕುವ ಉಪಾಯ ಕಂಡುಹಿಡಿದರು, ಆದರೆ ಅದು ಆರಿಸಿ ಮತ್ತೆ ಹಚ್ಚದ ಕಂಪ್ಯೂಟರುಗಳಿಗೆ ಮಾತ್ರ ಫಲಿಸಿತು. ಇತ್ತ, ಬೀಗ ಹಾಕುವ ಕೆಲಸ ಇನ್ನೂ ನಡೆಯುತ್ತಿರುವಾಗ ಕಂಡವರು ವೈರು ಕಿತ್ತೆಸೆದರೆ ಉಳಿದ ಕಡತಗಳಾದರೂ ಬದುಕುತ್ತವೆ. ಕಡತಗಳ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ ಆರಿಸುವುದೇ ಸರಿ; ಎಲ್ಲ ಮುಗಿದಿದ್ದರೆ ನೆಟ್‌ವರ್ಕ್ ತಂತಿಯನ್ನೂ ವೈ-ಫೈಯನ್ನೂ ಕಡಿದು, ಯಂತ್ರವನ್ನು ಹಾಗೆಯೇ ಬಿಟ್ಟು, ಬಲ್ಲವರನ್ನು ಕೇಳುವುದು ಲೇಸು. ಬೀಗ ಬಿದ್ದ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಟ್ಟು ಹೊಸ ಡಿಸ್ಕಿನ ಮೇಲೆ ಕೆಲಸ ಮುಂದುವರಿಸಿದರೆ ಶುದ್ಧಿಯೂ ಆಯಿತು, ಆಸೆಯೂ ಉಳಿಯಿತು; ಅದರ ಖರ್ಚು ಒಂದು ಡಿಸ್ಕಿನ ಬೆಲೆಯಷ್ಟೇ. ಈ ಆಸೆ ಬರಿದಲ್ಲ. ಕ್ರಿಪ್ಟೊಲಾಕರ್ ಎಂಬುದರ ಕೀಲಿಗಳು 2014ರಲ್ಲಿ ಪೊಲೀಸ್ ಕಾರ್ಯಾಚರಣೆಯ ನಂತರ ಹೊರಬಂದವು. ಟೆಸ್ಲಾಕ್ರಿಪ್ಟ್ ಹರಡಿದವರು 2016ರಲ್ಲಿ ಅಂಗಡಿ ಮುಚ್ಚುವಾಗ ಮೂಲಕೀಲಿಯನ್ನು ತಾವೇ ಕೊಟ್ಟರು. ಅದೇ ವರ್ಷ ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಸಂಸ್ಥೆಗಳು ಸೇರಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಯೋಜನೆ ಹೀಗೆ ಸಿಕ್ಕ ಕೀಲಿಗಳನ್ನು ಉಚಿತವಾಗಿ ಹಂಚುತ್ತದೆ. ಡಿಸ್ಕನ್ನು ತೊಳೆದು ಕುಳಿತವರಿಗೆ ಈ ಯಾವುದರಿಂದಲೂ ಪ್ರಯೋಜನವಿಲ್ಲ.

ಇಷ್ಟಾದರೂ ಕೀಲಿ ಸಿಗುವುದು ಅದೃಷ್ಟ. ಮರುಪ್ರಾಪ್ತಿಯ ನಿಜವಾದ ಪ್ರಶ್ನೆ ಕಡತ ಇನ್ನೆಲ್ಲಿ ಇದೆ ಎಂಬುದು. ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಲ್ಲಿ 2022ರ ನವೆಂಬರ್‌ನಲ್ಲಿ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದು, ಹೊರರೋಗಿಗಳ ಚೀಟಿಗಳನ್ನು ಕೈಯಲ್ಲಿ ಬರೆಯುತ್ತ ಎರಡು ವಾರ ದೂಡಿದ ನಂತರ ಇ-ಹಾಸ್ಪಿಟಲ್ ಮಾಹಿತಿ ಮರಳಿದ್ದು ಕೀಲಿಯಿಂದಲ್ಲ; ಹಾವಳಿ ಮುಟ್ಟದೆ ಉಳಿದಿದ್ದ ಪ್ರತಿಯಿಂದ, ಅದೂ ಹೊಸ ಸರ್ವರ್‌ಗಳ ಮೇಲೆ. ಸಸಿ ಬೇರೆ ಪಾತಿಯಲ್ಲಿತ್ತು.

ಕಾಫಿ ತೋಟದ ಕಚೇರಿಯ ಕಂಪ್ಯೂಟರಿನಲ್ಲಿ ಏನಿರುತ್ತದೆ ಎಂಬುದನ್ನು ಈ ದೃಷ್ಟಿಯಿಂದ ನೋಡಬೇಕು. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದ ಕಾಲದಲ್ಲಿ ಬೆಳೆಗಾರ ಫಸಲನ್ನು ಒಪ್ಪಿಸುತ್ತಿದ್ದ, ಮಾರಾಟದ ಲೆಕ್ಕ ಮಂಡಳಿಯಲ್ಲಿ ಇರುತ್ತಿತ್ತು. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾದ ಮೇಲೆ ಲೆಕ್ಕವೆಲ್ಲ ತೋಟದ ರೈಟರ ಮೇಜಿಗೆ ಬಂತು: ದಿನದ ಚೆಕ್‌ರೋಲ್, ಹಣ್ಣು ಕೊಯ್ಲಿನ ಕಿಲೋ ಲೆಕ್ಕ, ಪಾರ್ಚ್‌ಮೆಂಟ್ ಮತ್ತು ಚೆರ್ರಿಯ ಮೂಟೆಗಳು, ಕ್ಯೂರಿಂಗ್ ವರ್ಕ್ಸ್‌ನಿಂದ ಬಂದ ಔಟ್‌ಟರ್ನ್. 2023ರಲ್ಲಿ ಯೂರೋಪಿನ ಒಕ್ಕೂಟ ಕಾಫಿಗೂ ಅನ್ವಯಿಸುವ ಅರಣ್ಯನಾಶ ತಡೆಯ ನಿಯಮ ತಂದ ಮೇಲೆ, ಅದರ ಜಾರಿಯ ದಿನ ಮುಂದೆ ಹೋಗುತ್ತಿದ್ದರೂ, ನಾಲ್ಕು ಹೆಕ್ಟೇರಿಗಿಂತ ದೊಡ್ಡ ತುಂಡುಗಳ ಗಡಿರೇಖೆಯ ಉಪಗ್ರಹ ಗುರುತುಗಳೂ ಈ ಪಟ್ಟಿಗೆ ಸೇರತೊಡಗಿವೆ.

ಇವೆಲ್ಲ ಒಂದೇ ತೂಕದವಲ್ಲ. ಪಹಣಿ ಭೂಮಿ ವ್ಯವಸ್ಥೆಯಲ್ಲಿದೆ, ಜಿಎಸ್‌ಟಿ ವಿವರ ಸರ್ಕಾರದ ಸರ್ವರಿನಲ್ಲಿದೆ, ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲಿದೆ, ಔಟ್‌ಟರ್ನಿನ ಪ್ರತಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಕ್ಕೀತು. ಗಡಿಯನ್ನು ಮತ್ತೊಮ್ಮೆ ನಡೆದು ಗುರುತಿಸಬಹುದು. ಕಳೆದ ವಾರ ಯಾವ ಆಳು ಎಷ್ಟು ಕಿಲೋ ಕೊಯ್ದರು ಎಂಬುದನ್ನು ಮೇಸ್ತ್ರಿಯ ನೆನಪಿನಿಂದ ಪಡೆಯಹೊರಟರೆ ಬಟವಾಡೆಯ ದಿನ ಜಗಳವೇ ಗತಿ. ಮಳೆಯ ಲೆಕ್ಕವಂತೂ ಇನ್ನೊಮ್ಮೆ ಹುಟ್ಟುವುದಲ್ಲ. ಹೂಮಳೆ ಯಾವ ದಿನ ಎಷ್ಟು ಸೆಂಟ್ (ಇಂಚಿನ ನೂರನೇ ಭಾಗ) ಬಿತ್ತು, ಅದರ ನಂತರದ ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು, ಮೂಡಿಗೆರೆ–ಕಳಸದ ಗುಡ್ಡಗಳು ಕುಸಿದ 2019ರ ಆಗಸ್ಟ್‌ನಲ್ಲಿ ಆ ನಿರ್ದಿಷ್ಟ ತೋಟದಲ್ಲಿ ಎಷ್ಟು ಇಂಚು ಸುರಿಯಿತು ಎಂಬುದು ಕಳೆದುಹೋದರೆ ಯಾವ ಕಚೇರಿಯೂ ಕೊಡಲಾರದು. ನೆರೆಯ ಗೋವಾದಲ್ಲಿ 2022ರ ಜೂನ್‌ನಲ್ಲಿ ಜಲಸಂಪನ್ಮೂಲ ಇಲಾಖೆಯ ಪ್ರವಾಹ ನಿಗಾ ವ್ಯವಸ್ಥೆಯ ಕಡತಗಳಿಗೇ ಬೀಗ ಬಿದ್ದದ್ದು, ಅದೂ ಮಳೆಗಾಲದ ಬಾಯಲ್ಲಿ, ಇಂಥ ಮಾಹಿತಿಯ ಬೆಲೆ ಸುಲಿಗೆಗಾರರಿಗೂ ಗೊತ್ತಿರಬಹುದೆಂಬುದರ ಸೂಚನೆ. ಆದ್ದರಿಂದ ಎಲ್ಲದಕ್ಕೂ ಸಮನಾದ ಕಾವಲು ಬೇಕೆಂಬ ಸಲಹೆಯಲ್ಲಿ ಅರ್ಥವಿಲ್ಲ. ಎಲ್ಲಿಯೂ ಮತ್ತೆ ಸಿಗದ್ದು ಯಾವುದೆಂದು ಮೊದಲು ಆರಿಸಿಕೊಂಡವರಿಗೆ ಪ್ರತಿ ಮಾಡುವ ಕೆಲಸ ಒಂದು ಪೆನ್‌ಡ್ರೈವಿನಷ್ಟಕ್ಕೆ ಇಳಿಯುತ್ತದೆ.

ಆ ಪ್ರತಿ ಇರಬೇಕಾದ ಜಾಗದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟ ಹೊರಡಿಸ್ಕು ಪ್ರತಿಯಲ್ಲ. ಸುಲಿಗೆ ತಂತ್ರಾಂಶಕ್ಕೆ ಅದು ಅದೇ ಯಂತ್ರದ ಇನ್ನೊಂದು ಕೋಣೆ. ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ನೆರಳುಪ್ರತಿಗಳನ್ನು ಹಾವಳಿಕೋರರು ಬಂದ ಕೂಡಲೇ ಅಳಿಸುವುದು ವಾಡಿಕೆ. ಕಡತ ಬದಲಾದ ಕೂಡಲೇ ತಾನೂ ಬದಲಾಗುವ ಮೋಡಸಂಗ್ರಹ, ಅಂದರೆ ಕ್ಲೌಡ್, ಬೀಗ ಹಾಕಿದ ಕಡತವನ್ನೂ ನಿಷ್ಠೆಯಿಂದ ನಕಲಿಸುತ್ತದೆ. ಹಳೆಯ ಆವೃತ್ತಿಗಳನ್ನು ಅದು ಕೆಲವು ದಿನವಾದರೂ ಇಟ್ಟುಕೊಳ್ಳುವ ಏರ್ಪಾಟಿದ್ದರೆ ಮಾತ್ರ ಉಪಯೋಗ. ವಾರಕ್ಕೊಮ್ಮೆ ಸಿಕ್ಕಿಸಿ, ಬರೆದು, ಕಿತ್ತು, ಬೇರೆ ಮನೆಯಲ್ಲಿಡುವ ಡಿಸ್ಕು ಹಳೆಯ ಕಾಲದ ಉಪಾಯದಂತೆ ಕಂಡರೂ ತಂತಿಯಿಲ್ಲದಿರುವುದೇ ಅದರ ಗುಣ.

ಹಣ ಕೊಟ್ಟು ಮುಗಿಸಬಾರದೇಕೆ ಎಂಬ ವಾದವನ್ನು ನೀತಿಯ ಮಾತಿನಿಂದ ಮಾತ್ರ ತಳ್ಳಿಹಾಕುವುದು ಸುಲಭವೂ ಅನ್ಯಾಯವೂ ಹೌದು, ಏಕೆಂದರೆ ಕೂಲಿ ಲೆಕ್ಕ ಕಳೆದುಕೊಂಡವರ ಮುಂದೆ ಬಟವಾಡೆಯ ಶನಿವಾರ ನಿಂತಿರುತ್ತದೆ. ಆದರೆ ವ್ಯವಹಾರವಾಗಿ ನೋಡಿದರೂ ಅದು ದುರ್ಬಲ. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆ 2021ರಲ್ಲಿ 75 ಬಿಟ್‌ಕಾಯಿನ್, ಅಂದರೆ 40 ಲಕ್ಷ ಡಾಲರಿಗೂ ಹೆಚ್ಚು, ಕೊಟ್ಟು ಪಡೆದ ಬೀಗಮುರುಕ ಎಷ್ಟು ನಿಧಾನವಾಗಿತ್ತೆಂದರೆ ಸಂಸ್ಥೆ ತನ್ನ ಪ್ರತಿಗಳನ್ನೇ ನೆಚ್ಚಬೇಕಾಯಿತು. ದೂರಿಗೆ 1930 ಸಹಾಯವಾಣಿಯೂ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯೂ ಇವೆ. ಅಲ್ಲಿಗೆ ಕೊಡಬೇಕಾದ ಸಾಕ್ಷ್ಯವೂ ಆ ತೊಳೆಯದ ಡಿಸ್ಕೇ.

ಮಲೆನಾಡಿನಲ್ಲಿ ಕಾಗದವನ್ನು ಹೊಗಳುವಾಗ ಎಚ್ಚರವಿರಬೇಕು. ವರಲೆ ಮತ್ತು ಆಷಾಢದ ಬೂಸ್ಟು ಯಾರಿಂದಲೂ ಹಣ ಕೇಳದೆ ಎಷ್ಟೋ ಲೆಡ್ಜರುಗಳನ್ನು ಮುಗಿಸಿವೆ. ಆದರೂ ಮಳೆಮಾಪಕದ ನೀರನ್ನು ಬೆಳಿಗ್ಗೆ ಅಳೆದು ಮೊದಲು ಪುಸ್ತಕದಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸುವ ತೋಟದಲ್ಲಿ ಆ ಒಂದು ಅಂಕಿ ಎರಡು ಕಡೆ ಇರುತ್ತದೆ, ಮತ್ತು ಆ ಎರಡಕ್ಕೂ ತಗಲುವ ಹುಳು ಬೇರೆ ಬೇರೆ.