ಊರು ಬಿಟ್ಟವರ ಊರು: ಇಂಗ್ಲೆಂಡಿನ ಬಾಲ್ಯಸ್ಮೃತಿ ಮತ್ತು ಸ್ಥಳೀಯ ಚರಿತ್ರೆ

ಹಳ್ಳಿಯಲ್ಲಿ ಕಳೆದ ಬಾಲ್ಯವನ್ನು ನೆನೆದು ಬರೆದ ಪುಸ್ತಕಗಳ ದೊಡ್ಡದೊಂದು ಪರಂಪರೆ ಇಂಗ್ಲಿಷ್ ಗದ್ಯದಲ್ಲಿದೆ. ಫ್ಲೋರಾ ಥಾಂಪ್ಸನ್ ಅವರ ‘ಲಾರ್ಕ್ ರೈಸ್’ (1939), ಲಾರಿ ಲೀ ಅವರ ‘ಸೈಡರ್ ವಿತ್ ರೋಸಿ’ (1959) ಇವುಗಳಲ್ಲಿ ಹೆಚ್ಚು ಓದಿಸಿಕೊಂಡ ಕೃತಿಗಳು. ಸಾಹಿತ್ಯದ ವಿದ್ಯಾರ್ಥಿಗಳು ಇವುಗಳನ್ನು ಸೊಗಸಾದ ಗದ್ಯಕ್ಕಾಗಿ ಓದುತ್ತಾರೆ. ದಾಖಲೆಗಳನ್ನೇ ನೆಚ್ಚಿದ ಚರಿತ್ರಕಾರರು ಬರಿಯ ಹಳಹಳಿಕೆಯೆಂದು ಬದಿಗೆ ಸರಿಸುತ್ತಾರೆ. ಪ್ರವಾಸಿಗರ ಕೈಪಿಡಿಗಳಾದರೋ ಅವುಗಳ ಪ್ರತಿಯೊಂದು ಮಾತನ್ನೂ ನಿಜವೆಂದು ಒಪ್ಪಿ, ಇದೇ ಆ ಮನೆ, ಇದೇ ಆ ಹೊಲ ಎಂದು ಬೆರಳು ಮಾಡಿ ತೋರಿಸುತ್ತವೆ. ಈ ಯಾವ ಓದಿನಲ್ಲೂ ಕೇಳದೆ ಉಳಿದ ಪ್ರಶ್ನೆ ಒಂದಿದೆ: ಈ ಊರನ್ನು ನೆನೆಯುತ್ತಿರುವವರು ಎಲ್ಲಿ ನಿಂತು ನೆನೆಯುತ್ತಿದ್ದಾರೆ? ಬಾಲ್ಯಸ್ಮೃತಿಯು ಸ್ಥಳೀಯ ಚರಿತ್ರೆಗೆ ಒಂದು ಗಟ್ಟಿಯಾದ ಆಕರ ಎಂಬುದನ್ನು ಒಪ್ಪಲೇಬೇಕು. ಆದರೆ ಆ ಆಕರವನ್ನು ಒದಗಿಸಿದವರು ಬಹುಮಟ್ಟಿಗೆ ಊರು ಬಿಟ್ಟು ಹೋದವರು ಎಂಬ ಸಂಗತಿಯನ್ನು ಮರೆತರೆ ಅದೇ ಆಕರ ದಾರಿ ತಪ್ಪಿಸುತ್ತದೆ.

ಇಂಗ್ಲೆಂಡಿನಲ್ಲಿ ಸ್ಥಳೀಯ ಚರಿತ್ರೆಯೆಂದರೆ ಬಹುಕಾಲದವರೆಗೆ ಜಮೀನುದಾರರ ವಂಶಾವಳಿ, ಚರ್ಚಿನ ಕಟ್ಟಡ, ಪಾದ್ರಿಗಳ ಪಟ್ಟಿ ಇಷ್ಟೇ ಆಗಿತ್ತು. 1899ರಲ್ಲಿ ಆರಂಭವಾದ ‘ವಿಕ್ಟೋರಿಯಾ ಕೌಂಟಿ ಹಿಸ್ಟರಿ’ಯ ಮೊದಲ ಸಂಪುಟಗಳೂ ಈ ಚೌಕಟ್ಟನ್ನು ಹೆಚ್ಚು ಮೀರಲಿಲ್ಲ. 1948ರಲ್ಲಿ ಲೆಸ್ಟರ್‌ನಲ್ಲಿ ಡಬ್ಲ್ಯು. ಜಿ. ಹಾಸ್ಕಿನ್ಸ್ ಅವರ ನೇತೃತ್ವದಲ್ಲಿ ಸ್ಥಳೀಯ ಚರಿತ್ರೆಗೆಂದೇ ಒಂದು ವಿಭಾಗ ತೆರೆದ ಮೇಲೆ ನೋಟ ಬದಲಾಯಿತು. 1955ರ ತಮ್ಮ ಪ್ರಸಿದ್ಧ ಗ್ರಂಥ ‘ದಿ ಮೇಕಿಂಗ್ ಆಫ್ ದಿ ಇಂಗ್ಲಿಷ್ ಲ್ಯಾಂಡ್‌ಸ್ಕೇಪ್’ನಲ್ಲಿ ಹಾಸ್ಕಿನ್ಸ್ ಬೇಲಿ, ಕಾಲುದಾರಿ, ಹೊಲದ ಬದುಗಳನ್ನೇ ದಾಖಲೆಗಳೆಂದು ಓದಿದರು. ಇದು ದೊಡ್ಡ ಹೆಜ್ಜೆ. ಆದರೂ ಬೇಲಿ ಯಾವಾಗ ಬಂತೆಂದು ನೆಲ ಹೇಳಬಲ್ಲದೇ ಹೊರತು, ಆ ಬೇಲಿಯ ಹೊರಗೆ ಉಳಿದವರು ಅಂದು ರಾತ್ರಿ ಏನು ಉಂಡರೆಂದು ಹೇಳಲಾರದು.

ಕೂಲಿಕಾರರ ಮನೆಯೊಳಗಿನ ಬದುಕಿಗೆ ಲಿಖಿತ ದಾಖಲೆಗಳು ವಿರಳ. ಇದ್ದವುಗಳಿಗೂ ವಿಚಿತ್ರ ಗತಿ ಒದಗಿದೆ. ಅಲ್ಲಿನ ಜನಗಣತಿಯ ಮನೆವಾರು ಹಾಳೆಗಳನ್ನು ನೂರು ವರ್ಷಗಳವರೆಗೆ ತೆರೆಯುವಂತಿಲ್ಲ. 1921ರ ಹಾಳೆಗಳು ಸಾರ್ವಜನಿಕರಿಗೆ ದೊರೆತದ್ದು 2022ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು. 1941ರಲ್ಲಿ ಯುದ್ಧದ ಕಾರಣದಿಂದ ಗಣತಿಯೇ ನಡೆಯಲಿಲ್ಲ. ಅಂದರೆ 1939ರ ಯುದ್ಧಕಾಲೀನ ನೋಂದಣಿಯೊಂದನ್ನು ಬಿಟ್ಟರೆ, ಮೂವತ್ತು ವರ್ಷಗಳ ಕಾಲ ಯಾವ ಮನೆಯಲ್ಲಿ ಯಾರಿದ್ದರೆಂದು ಹೇಳುವ ಸಮಗ್ರ ದಾಖಲೆಯೇ ಇಲ್ಲ. ನೆನಪನ್ನು ಕೀಳುಗಳೆಯುವವರು ಈ ಖಾಲಿಜಾಗವನ್ನು ಯಾವುದರಿಂದ ತುಂಬುವರೋ ತಿಳಿಯದು.

ಫ್ಲೋರಾ ಥಾಂಪ್ಸನ್ ಹುಟ್ಟಿದ್ದು 1876ರಲ್ಲಿ, ಆಕ್ಸ್‌ಫರ್ಡ್‌ಶೈರಿನ ಜೂನಿಪರ್ ಹಿಲ್ ಎಂಬ ಪುಟ್ಟ ಕೇರಿಯಲ್ಲಿ. ತಂದೆ ಕಲ್ಲುಕೆಲಸದವರು. ಶಾಲೆ ಇದ್ದದ್ದು ನಡೆದು ಹೋಗಬೇಕಾದ ಕಾಟಿಸ್ಫರ್ಡ್‌ನಲ್ಲಿ. ಕೃತಿಯಲ್ಲಿ ಆಕೆ ‘ನಾನು’ ಎನ್ನುವುದಿಲ್ಲ. ಲಾರಾ ಎಂಬ ಹುಡುಗಿಯ ಕಥೆಯಾಗಿ, ಪ್ರಥಮ ಪುರುಷದಲ್ಲಿ ಎಲ್ಲವನ್ನೂ ಹೇಳುತ್ತಾರೆ. ಈ ದೂರ ಆಕೆಗೆ ಒಂದು ಬಗೆಯ ನಿಷ್ಠುರತೆಯನ್ನು ತಂದುಕೊಟ್ಟಿದೆ. ವಾರಕ್ಕೆ ಹತ್ತು ಶಿಲ್ಲಿಂಗ್ ಕೂಲಿಯಲ್ಲಿ ಒಂದು ಸಂಸಾರ ಹೇಗೆ ನಡೆಯುತ್ತಿತ್ತು, ಹಿತ್ತಿಲಿನಲ್ಲಿ ಸಾಕಿದ ಹಂದಿ ವರ್ಷದ ಊಟಕ್ಕೆ ಎಷ್ಟು ಮುಖ್ಯವಾಗಿತ್ತು, ಭಾನುವಾರ ಗಂಡಸರು ಒಬ್ಬರ ಹಂದಿಯನ್ನು ಇನ್ನೊಬ್ಬರು ನೋಡಲು ಹೋಗಿ ದೊಡ್ಡಿಯ ಬಳಿ ನಿಂತು ಹೇಗೆ ಹರಟುತ್ತಿದ್ದರು ಎಂಬುದನ್ನು ಲೆಕ್ಕದ ಪುಸ್ತಕದಂಥ ಖಚಿತತೆಯಿಂದ ಬರೆಯುತ್ತಾರೆ. ಕೊಯ್ಲು ಮುಗಿದ ಹೊಲದಲ್ಲಿ ಹೆಂಗಸರೂ ಮಕ್ಕಳೂ ಹಕ್ಕಲಾಯುವ ಚಿತ್ರವಂತೂ ಕನ್ನಡದ ಓದುಗರಿಗೆ ಹೊಸತೆನಿಸುವುದೇ ಇಲ್ಲ. ಆಯ್ದ ಗೋಧಿ ಚಳಿಗಾಲದ ಹಿಟ್ಟಾಗುತ್ತಿತ್ತು. ಜಮೀನಿನ ಲೆಕ್ಕಪತ್ರಗಳಲ್ಲಿ ಫಸಲು ಕಣ ಸೇರಿದೊಡನೆ ಕಥೆ ಮುಗಿಯುತ್ತದೆ. ಹಕ್ಕಲಾಯ್ದವರ ಕಥೆ ಆ ಬಳಿಕವೇ ಶುರುವಾಗುತ್ತದೆ.

ಈ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ ಮುದುಕಿ ಸ್ಯಾಲಿಯದು. 1880ರ ದಶಕದಲ್ಲಿ ಎಂಬತ್ತು ದಾಟಿದ್ದ ಈ ಮುದುಕಿ ತನ್ನ ಬಾಲ್ಯದ ಕೇರಿಯನ್ನು ಹುಡುಗಿಗೆ ಬಣ್ಣಿಸುತ್ತಾಳೆ. ಆಗ ಸುತ್ತಲೂ ಜೂನಿಪರ್ ಪೊದೆಗಳ ಬಯಲು. ನಡುವಿನ ಹಸಿರು ಮೈದಾನದ ಸುತ್ತ ಕೆಲವೇ ಮನೆಗಳು. ಆ ಬಯಲಿನ ಮೇಲೆ ಎಲ್ಲರಿಗೂ ಹಕ್ಕಿದ್ದುದರಿಂದ ಅವಳ ತಂದೆ ಹಸು, ಹೆಬ್ಬಾತು, ಕೋಳಿ, ಹಂದಿಗಳನ್ನು ಸಾಕಬಲ್ಲವನಾಗಿದ್ದ. ಮುಂದೆ ಬಯಲಿಗೆ ಬೇಲಿ ಬಿತ್ತು, ಅದು ಉಳುವ ಹೊಲವಾಯಿತು, ಒಕ್ಕಲಾಗಿದ್ದವರ ಮಕ್ಕಳು ಕೂಲಿಯಾಳುಗಳಾದರು. ಸಾಮೂಹಿಕ ಭೂಮಿಗೆ ಬೇಲಿ ಹಾಕಿದ ಪ್ರಕ್ರಿಯೆಯ ಬಗ್ಗೆ ಇಂಗ್ಲೆಂಡಿನಲ್ಲಿ ಶಾಸನಗಳೂ ನಕ್ಷೆಗಳೂ ಧಾರಾಳವಾಗಿವೆ. ಅವು ಯಾರಿಗೆ ಎಷ್ಟು ಎಕರೆ ಸಂದಿತೆಂದು ಹೇಳುತ್ತವೆ. ಏನೂ ಸಿಗದವರ ಮನೆಯಲ್ಲಿ ಅದಕ್ಕೆ ಮುಂಚೆ ಏನೇನಿತ್ತು ಎಂಬುದು ಒಬ್ಬ ಮುದುಕಿಯ ಬಾಯಿಂದ ಒಂದು ಮಗುವಿನ ಕಿವಿಗೆ, ಆ ಮಗು ಅರವತ್ತು ದಾಟಿದ ಮೇಲೆ ಅದರ ಲೇಖನಿಗೆ ಬಂದಿದೆ. ಎರಡು ಬಾಲ್ಯಗಳ ಕೊಂಡಿ ಸೇರಿ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚಿನ ಕಾಲವನ್ನು ದಾಟಿಸಿದೆ.

ಹಾಗೆಂದು ಇದು ಪರಿಪೂರ್ಣ ಸಾಕ್ಷ್ಯವಲ್ಲ. 1985ರಲ್ಲಿ ಬಾರ್ಬರಾ ಇಂಗ್ಲಿಷ್ ಎಂಬ ಚರಿತ್ರಕಾರರು ಕೃತಿಯ ಕೇರಿಯನ್ನು ಜನಗಣತಿ ಮೊದಲಾದ ದಾಖಲೆಗಳ ಕೇರಿಯೊಡನೆ ಇಟ್ಟು ನೋಡಿ, ಎರಡೂ ಒಂದೇ ಅಲ್ಲವೆಂದು ತೋರಿಸಿದರು. ಇಂಥ ಪರಿಶೀಲನೆ ಅಗತ್ಯ. ಆದರೆ ಕೃತಿಗೆ ಹೆಚ್ಚಿನ ಅನ್ಯಾಯ ಆದದ್ದು ಟೀಕಾಕಾರರಿಂದಲ್ಲ, ಅಭಿಮಾನಿಗಳಿಂದ. ಮೂರು ಭಾಗಗಳನ್ನು ಒಂದಾಗಿಸಿ 1945ರಲ್ಲಿ ಪ್ರಕಟಿಸಿದಾಗ ಎಚ್. ಜೆ. ಮ್ಯಾಸಿಂಗ್‌ಹ್ಯಾಮ್ ಬರೆದ ಮುನ್ನುಡಿ, ಅಳಿದುಹೋದ ಒಕ್ಕಲು ಇಂಗ್ಲೆಂಡಿನ ಶೋಕಗೀತೆಯಂತೆ ಅದನ್ನು ಓದಲು ಒಂದು ತಲೆಮಾರಿಗೆ ಕಲಿಸಿತು. 2008ರಿಂದ 2011ರವರೆಗೆ ಬಿಬಿಸಿಯಲ್ಲಿ ಬಂದ ಧಾರಾವಾಹಿ ಉಳಿದದ್ದನ್ನು ಪೂರೈಸಿತು. ಹತ್ತು ಶಿಲ್ಲಿಂಗಿನ ಲೆಕ್ಕ ಹಿಂದೆ ಸರಿದು, ಹೂವಿನ ಟೊಪ್ಪಿಗೆಗಳು ಮುಂದೆ ಬಂದವು.

ರೇಮಂಡ್ ವಿಲಿಯಮ್ಸ್ ‘ದಿ ಕಂಟ್ರಿ ಅಂಡ್ ದಿ ಸಿಟಿ’ಯಲ್ಲಿ (1973) ಈ ಪ್ರವೃತ್ತಿಯ ಬೇರನ್ನೇ ಹಿಡಿದಿದ್ದಾರೆ. ಹಳೆಯ ಇಂಗ್ಲೆಂಡು ಈಗಷ್ಟೇ ಸತ್ತಿತು ಎಂದು ಪ್ರತಿಯೊಂದು ತಲೆಮಾರೂ ಹೇಳುತ್ತದೆ. ಅದರ ಹಿಂದಿನದೂ ಹಾಗೆಯೇ ಹೇಳಿತ್ತು. ಹುಡುಕುತ್ತ ಹೋದರೆ ಕಡೆಗೆ ಈಡನ್ ತೋಟದಲ್ಲಿ ಹೋಗಿ ನಿಲ್ಲಬೇಕಾಗುತ್ತದೆ. ವೇಲ್ಸಿನ ಗಡಿಯ ಹಳ್ಳಿಯೊಂದರಲ್ಲಿ ರೈಲ್ವೆ ನೌಕರನ ಮಗನಾಗಿ ಬೆಳೆದ ವಿಲಿಯಮ್ಸ್‌ಗೆ, ಈ ಚಿನ್ನದ ಯುಗ ಎಂದಿಗೂ ಇರಲಿಲ್ಲವೆಂಬುದು ಪುಸ್ತಕದಿಂದ ಕಲಿತ ಮಾತಾಗಿರಲಿಲ್ಲ.

ಲಾರಿ ಲೀ ಅವರ ಕೃತಿ ಇನ್ನೂ ಕಾವ್ಯಮಯ. ಆದ್ದರಿಂದಲೇ ಇನ್ನೂ ಹೆಚ್ಚು ಎಚ್ಚರದಿಂದ ಓದಬೇಕಾದದ್ದು. ಕಾಲ ಕೆಲವು ಸಂಗತಿಗಳನ್ನು ತಿರುಚಿರಬಹುದೆಂದು ಲೇಖಕರೇ ಆರಂಭದಲ್ಲಿ ಸೂಚಿಸಿದ್ದಾರೆ. ಗ್ಲಾಸ್ಟರ್‌ಶೈರಿನ ಸ್ಲ್ಯಾಡ್ ಕಣಿವೆಯ ಈ ಬಾಲ್ಯಕಥನವನ್ನು ಜನ ಹುಲ್ಲುಗಾವಲಿನ ಸಂಭ್ರಮಕ್ಕಾಗಿ ನೆನೆಯುತ್ತಾರೆ. ಅದರೊಳಗೇ ಒಂದು ಕೊಲೆಯಿದೆ. ಹೊರದೇಶದಲ್ಲಿ ಹಣ ಮಾಡಿ ಬಂದು ಹೆಂಡದಂಗಡಿಯಲ್ಲಿ ಜಂಭ ಕೊಚ್ಚಿದವನನ್ನು ಊರಿನ ಹುಡುಗರು ಹೊಡೆದು ಹಿಮದಲ್ಲಿ ಬಿಟ್ಟುಹೋಗುತ್ತಾರೆ. ಮಾಡಿದವರು ಯಾರೆಂದು ಊರಿಗೆಲ್ಲ ಗೊತ್ತು, ಪೊಲೀಸರಿಗೆ ಮಾತ್ರ ಗೊತ್ತಾಗುವುದಿಲ್ಲ. ಅದು ನಡೆದದ್ದು ಅಕ್ಷರಶಃ ಹಾಗೆಯೋ ಎಂಬುದಕ್ಕಿಂತ, ಊರೆಂಬುದು ಹೊರಗಿನವರ ಎದುರು ಹೇಗೆ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಒಂದು ಮಗು ಅರಿತದ್ದು ಇಲ್ಲಿ ಮುಖ್ಯ. ಯಾವ ಠಾಣೆಯ ಕಡತದಲ್ಲೂ ಮೌನ ದಾಖಲಾಗುವುದಿಲ್ಲ.

ಅದೇ ಪುಸ್ತಕದ ವೃದ್ಧ ದಂಪತಿಗಳ ಪ್ರಸಂಗವೂ ಅಂಥದೇ. ಐವತ್ತು ವರ್ಷ ಒಟ್ಟಿಗೆ ಬಾಳಿದ ಗಂಡಹೆಂಡಿರನ್ನು ಅಶಕ್ತರಾದರೆಂಬ ಕಾರಣಕ್ಕೆ ವರ್ಕ್‌ಹೌಸ್‌ಗೆ, ಅಂದರೆ ಸರ್ಕಾರಿ ಬಡವರ ಮನೆಗೆ, ಸೇರಿಸುತ್ತಾರೆ. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಭಾಗ. ಇಬ್ಬರೂ ಒಂದು ವಾರ ಕಳೆಯುವುದರೊಳಗೆ ತೀರಿಕೊಳ್ಳುತ್ತಾರೆ. 1834ರ ಬಡವರ ಕಾಯ್ದೆಯಿಂದ ಬೆಳೆದ ಈ ವ್ಯವಸ್ಥೆಯ ದಾಖಲಾತಿ ಪುಸ್ತಕಗಳಲ್ಲಿ ಇಂಥ ದಂಪತಿಗಳಿಗೆ ಸಿಗುವುದು ಎರಡು ಸಾಲು: ಸೇರಿದ ದಿನ, ಸತ್ತ ದಿನ. ಆ ಹೆಸರು ಕೇಳಿದರೆ ಬಡವರ ಮನೆಗಳಲ್ಲಿ ಎಂಥ ನಡುಕ ಹುಟ್ಟುತ್ತಿತ್ತೆಂಬುದನ್ನು ನೆನಪಿನ ಕಥನವೇ ಹೇಳಬೇಕು.

ದಾಖಲೆ ಸುಟ್ಟುಹೋದಾಗ ನೆನಪೇ ಶಾಸ್ತ್ರವಾದ ಉದಾಹರಣೆ ಕರ್ನಾಟಕದಲ್ಲೇ ಇದೆ. ಆಕ್ಸ್‌ಫರ್ಡಿನಲ್ಲಿ ಕಲಿತ ಎಂ. ಎನ್. ಶ್ರೀನಿವಾಸರು ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಬಹುಮಟ್ಟಿಗೆ ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ವಿದ್ವಾಂಸನ ನೆನಪಿಗೆ ಸಲ್ಲುವ ಈ ಮನ್ನಣೆ ಅಂಚೆಕಚೇರಿಯಲ್ಲಿ ದುಡಿದ ಹೆಣ್ಣುಮಗಳೊಬ್ಬಳ ನೆನಪಿಗೆ ಏಕೆ ಸಲ್ಲಬಾರದು ಎಂದು ಕೇಳುವುದು ಅನುಚಿತವಾಗಲಾರದು.

ಇನ್ನು ಊರು ಬಿಟ್ಟವರ ವಿಚಾರ. ಥಾಂಪ್ಸನ್ ಹದಿನಾಲ್ಕರ ವಯಸ್ಸಿಗೆ ಕೆಲಸಕ್ಕಾಗಿ ಜೂನಿಪರ್ ಹಿಲ್ ಬಿಟ್ಟರು. ಲೀ 1934ರಲ್ಲಿ ಸ್ಲ್ಯಾಡ್ ಬಿಟ್ಟವರು, ಹೆಸರು ಬಂದ ಮೇಲೆ ಮರಳಿದರು. ಸಾಲ್‌ಫರ್ಡ್ ಪಟ್ಟಣದ ಬೀದಿ ಮೂಲೆಯ ಅಂಗಡಿಯಲ್ಲಿ ಬೆಳೆದ ರಾಬರ್ಟ್ ರಾಬರ್ಟ್ಸ್ ಕೂಡ ‘ದಿ ಕ್ಲಾಸಿಕ್ ಸ್ಲಮ್’ (1971) ಬರೆದದ್ದು ಶಿಕ್ಷಕನಾಗಿ ದೂರ ಸರಿದ ಬಳಿಕ. ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೂಡದು ಎಂಬ ತಾಯಿಯ ಲೆಕ್ಕಾಚಾರದಲ್ಲೇ ಇಡೀ ಬೀದಿಯ ಶ್ರೇಣೀಕರಣವನ್ನು ಕಂಡ ಆ ಪುಸ್ತಕ, ಬಡವರೆಲ್ಲ ಒಂದೇ ಕುಟುಂಬದಂತೆ ಇದ್ದರೆಂಬ ನಂಬಿಕೆಯನ್ನು ಒಡೆದುಹಾಕಿತು. ಬಿಟ್ಟವರ ಮನಸ್ಸಿನಲ್ಲಿ ಊರು ತಾವು ಹೊರಟ ದಿನಕ್ಕೇ ನಿಂತುಬಿಡುತ್ತದೆ. ಉಳಿದವರು ಬರೆಯಲಿಲ್ಲ, ಅವರ ಬಳಿಗೆ ಯಾರಾದರೂ ಹೋಗಿ ಕೇಳಬೇಕಿತ್ತು.

ಹಾಗೆ ಹೋಗಿ ಕೇಳಿದವರು ಜಾರ್ಜ್ ಯೂವರ್ಟ್ ಇವಾನ್ಸ್. ವೇಲ್ಸಿನ ಗಣಿ ಪ್ರದೇಶದ ಇವಾನ್ಸ್, ಪತ್ನಿ ಸಫೊಕ್‌ನ ಬ್ಲ್ಯಾಕ್ಸ್‌ಹಾಲ್ ಶಾಲೆಗೆ ಶಿಕ್ಷಕಿಯಾದ್ದರಿಂದ 1948ರಲ್ಲಿ ಆ ಹಳ್ಳಿಗೆ ಬಂದವರು. ಅವರ ಕಿವಿ ಮಂದವಾಗುತ್ತಿದ್ದ ದಿನಗಳವು. ನೆರೆಹೊರೆಯ ಕುರುಬರು, ಕುದುರೆಯಾಳುಗಳು, ಹಳೆಯ ಕೂಲಿಕಾರರ ಮಾತನ್ನು ಕೇಳಿ ಬರೆದ ‘ಆಸ್ಕ್ ದ ಫೆಲೋಸ್ ಹೂ ಕಟ್ ದ ಹೇ’ 1956ರಲ್ಲಿ ಬಂದಿತು. ಯಂತ್ರ ಬರುವ ಮುಂಚಿನ ಬೇಸಾಯದ ಜ್ಞಾನವೆಲ್ಲ ಆ ಮುದುಕರ ಉಪಭಾಷೆಯ ಪದಗಳಲ್ಲಿ ಅಡಗಿದೆ, ಆ ಪದಗಳಲ್ಲಿ ಕೆಲವು ಹಲವು ಶತಮಾನ ಹಿಂದಿನ ಕವಿಗಳ ಬಳಕೆಗೆ ಹೊಂದುತ್ತವೆ ಎಂಬುದು ಅವರ ದೊಡ್ಡ ಶೋಧ. ಭಾಷಾ ವಿಭಾಗಗಳು ಈ ಕೃತಿಯತ್ತ ಹೆಚ್ಚಿನ ಗಮನ ಕೊಡದಿರುವುದು ಸೋಜಿಗವೇ ಸರಿ. ರೊನಾಲ್ಡ್ ಬ್ಲೈತ್ ಅವರ ‘ಏಕನ್‌ಫೀಲ್ಡ್’ (1969) ಇದಕ್ಕಿಂತ ಹೆಚ್ಚು ಜನಪ್ರಿಯ. ಆದರೆ ಆ ಹೆಸರಿನ ಊರೇ ಇಲ್ಲ, ಮಾತುಗಳು ಲೇಖಕನ ಕೈಯಲ್ಲಿ ತಿದ್ದಿಸಿಕೊಂಡಿವೆ. ಆಕರದ ದೃಷ್ಟಿಯಿಂದ ಇವಾನ್ಸ್ ಅವರೇ ಮೇಲು.

ಉಳಿದವರ ನೆನಪೂ ತಪ್ಪಬಹುದು. ಡಾರ್ಸೆಟ್ ಕಡಲಂಚಿನ ಟೈನ್‌ಹ್ಯಾಮ್ ಎಂಬ ಹಳ್ಳಿಯನ್ನು ಸೈನ್ಯದ ತರಬೇತಿಗಾಗಿ 1943ರ ಡಿಸೆಂಬರ್‌ನಲ್ಲಿ ತೆರವು ಮಾಡಿಸಲಾಯಿತು. ಮರಳಿ ಬರುವೆವೆಂದು ನಂಬಿ, ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿರೆಂದು ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿ ಜನ ಹೊರಟರು. ಅವರನ್ನು ಮರಳಿ ಬರಗೊಡಲಿಲ್ಲ. ಸೈನ್ಯ ಊರನ್ನು ಕೊಂದಿತು ಎಂಬುದು ಅಂದಿನಿಂದಲೂ ಕೇಳಿಬರುವ ಕಥನ. ಆ ದ್ರೋಹ ನಿಜ, ದುಃಖವೂ ನಿಜ. ಆದರೆ ಅಲ್ಲಿನ ಶಾಲೆ ಮಕ್ಕಳಿಲ್ಲದೆ ಮುಚ್ಚಿದ್ದು 1932ರಲ್ಲಿ, ಸೈನ್ಯ ಬರುವುದಕ್ಕೆ ಹನ್ನೊಂದು ವರ್ಷ ಮೊದಲು. ದುಡಿಮೆಯಿಲ್ಲದೆ, ಸ್ವಂತ ಮನೆಯಿಲ್ಲದೆ ಎಳೆಯ ಸಂಸಾರಗಳು ಊರು ಬಿಟ್ಟದ್ದಕ್ಕೆ ಚೀಟಿಯಿಲ್ಲ, ತಾರೀಖೂ ಇಲ್ಲ. ನೆನಪು ಒಂದು ದಿನವನ್ನು ಹಿಡಿದಿಡುತ್ತದೆ. ನಿಧಾನವಾದ ಕ್ಷಯ ಅದರ ಕೈಗೆ ಸಿಗುವುದಿಲ್ಲ. ಅದಕ್ಕೆ ಶಾಲೆಯ ಹಾಜರಿಯನ್ನೇ ನೋಡಬೇಕು. ಮುಖ್ಯೋಪಾಧ್ಯಾಯರು ದಿನಚರಿ ಪುಸ್ತಕ ಬರೆಯಬೇಕೆಂಬ ನಿಯಮ 1862ರಿಂದಲೇ ಇದ್ದುದರಿಂದ, ಮಕ್ಕಳು ಆಲೂಗಡ್ಡೆ ಕೀಳಲು ಹೋದದ್ದು, ಹಕ್ಕಿ ಓಡಿಸಲು ಹೋದದ್ದು, ಬೂಟಿಲ್ಲದೆ ಬಾರದಿದ್ದದ್ದು ಸಾವಿರಾರು ಶಾಲೆಗಳ ಪುಸ್ತಕಗಳಲ್ಲಿ ಸಿಗುತ್ತದೆ. ಗೈರುಹಾಜರಿಯ ಆ ಒಂದು ಸಾಲನ್ನೂ, ಆ ದಿನ ಹೊಲದಲ್ಲಿದ್ದ ಮಗು ಮುಂದೆ ಬರೆದ ಒಂದು ಪುಟವನ್ನೂ ಅಕ್ಕಪಕ್ಕದಲ್ಲಿಟ್ಟು ಓದುವ ಕೆಲಸ ಇನ್ನೂ ಬೇಕಾದಷ್ಟು ಉಳಿದಿದೆ.

ಈ ಓದು ಇಂದು ತುರ್ತಿನದೂ ಹೌದು. ಚೆಲುವಿನ ಕಣಿವೆಗಳಲ್ಲಿ ಕೂಲಿಕಾರರ ಹಳೆಯ ಮನೆಗಳೆಷ್ಟೋ ನಗರದ ಹಣವಂತರ ವಾರಾಂತ್ಯದ ಬಿಡಾರಗಳಾಗಿವೆ. ಆ ಮನೆಗಳಲ್ಲಿ ಹುಟ್ಟಿದವರ ಮೊಮ್ಮಕ್ಕಳಿಗೆ ಅವನ್ನು ಕೊಳ್ಳುವ ಶಕ್ತಿಯಿಲ್ಲ. ಹಳ್ಳಿಯ ನೆನಪೇ ಹಳ್ಳಿಯ ಬೆಲೆಯನ್ನು ಏರಿಸಿ ಹಳ್ಳಿಯವರನ್ನು ಹೊರಗಿಡುತ್ತಿರುವಾಗ, ಆ ನೆನಪಿನೊಳಗೆ ನಿಜವಾಗಿ ಏನಿತ್ತೆಂದು ತೆರೆದು ತೋರಿಸುವ ಹೊಣೆ ವಿದ್ವತ್ತಿನ ಮೇಲಿದೆ.

‘ಲಾರ್ಕ್ ರೈಸ್’ ಕೊನೆಗೊಳ್ಳುವುದು ಚರ್ಚಿನ ಗೋಡೆಯ ಮೇಲಿನ ಹಿತ್ತಾಳೆ ಫಲಕವೊಂದರ ಮುಂದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಆ ಕೇರಿಯ ಹನ್ನೊಂದು ಹುಡುಗರ ಹೆಸರುಗಳು ಅದರಲ್ಲಿವೆ. ಎರಡು ಸಾಲುಗಳಲ್ಲಿ ಐದೈದು. ಕೆಳಗೆ ಒಂಟಿಯಾಗಿ ಲಾರಾಳ ತಮ್ಮನ ಹೆಸರು. ಥಾಂಪ್ಸನ್ ಅವರ ತಮ್ಮ ತೀರಿಕೊಂಡದ್ದು 1916ರಲ್ಲಿ. ಫಲಕದಲ್ಲಿ ಹೆಸರುಗಳಷ್ಟೇ ಇವೆ. ಅದು ಇರುವುದು ಆ ಮನೆಯವರು ಭಾನುವಾರಗಳಂದು ಕೂರುತ್ತಿದ್ದ ಬೆಂಚಿನ ನೇರ ಮೇಲೆ ಎಂಬುದನ್ನು ಅಕ್ಕ ಬರೆದಿಟ್ಟಿದ್ದಾಳೆ.